ನನ್ನ ಪಟ್ಟಿ ಬಿಳಿ ನಾಲ್ಕು

ಮೊನ್ನೆ ಹತ್ತು ದಿನ ನಮ್ಮ ಪಡಸಾಲೆಯ ಮಂಚದ ಮೇಲೆ ಒಂದು ಕೀಬೋರ್ಡು ಕೌದಿ ಹೊದ್ದು ಮಲಗಿತ್ತು. ನಾನು ಕೆಳಗೆ ಚಾಪೆಯ ಮೇಲೆ. ಮನೆಗೆ ಬಂದವರು ಮಂಚದ ಕಡೆ ನೋಡಿ, ದನಿ ತಗ್ಗಿಸಿ, "ಯಾರಿಗೆ ಆರಾಮಿಲ್ರಿ?" ಅಂತ ಕೇಳುತ್ತಿದ್ದರು. ಅದು ಮಾಬುಸಾಬನದು. ಅವನ ಮನೆಯ ನೆಲಕ್ಕೆ ಹೊಸ ಫರಸಿ ಹಾಕಿಸುತ್ತಿದ್ದರು. ಕಲ್ಲು ಕೊಯ್ಯುವ ಧೂಳು ಪಟ್ಟಿಗಳ ಸಂದಿಗೆ ಇಳಿದರೆ ಕೀಬೋರ್ಡಿನ ಕತೆ ಮುಗಿಯಿತು ಅಂತ ತಂದು ನಮ್ಮಲ್ಲಿ ಇಟ್ಟ. "ಮಾಸ್ತರ, ಇದನ್ನ ಒರಸೂದೂ ಬ್ಯಾಡ, ಒತ್ತೂದೂ ಬ್ಯಾಡ" ಅಂತ ಹೇಳಿ ಹೋದ. ಒತ್ತಬ್ಯಾಡ ಅಂದರೆ ಒತ್ತದೆ ಇರುವಂಥ ಮನುಷ್ಯ ನಾನಾಗಿದ್ದರೆ ನಿಮಗೆ ಈ ಪ್ರಬಂಧ ಓದುವ ಕಷ್ಟ ಇರುತ್ತಿರಲಿಲ್ಲ.

ಮಾಬುಸಾಬ ಅಂದರೆ ಕುಷ್ಟಗಿಯಲ್ಲಿ ಮೋಟರು, ಫ್ಯಾನು, ಮಿಕ್ಸರ್ ವೈಂಡಿಂಗ್ ಮಾಡುವವನು. ಮೈಕ್‌ಸೆಟ್ಟೂ ಅವನದೇ. ರವಿವಾರ ಬಂತೆಂದರೆ ಅವನು ಕೀಬೋರ್ಡು ಬಾರಿಸುತ್ತಾನೆ, ನಾನು ಹಾಡುತ್ತೇನೆ. ಇನ್ನುಳಿದ ಆರು ದಿನ ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅಲ್ಲ, ಆಗಿದ್ದೆ. ಕೀಬೋರ್ಡು ಮನೆಗೆ ಬಂದ ಹೊತ್ತಿಗೆ ನನ್ನ ಬೀಳ್ಕೊಡುಗೆಗೆ ಎರಡು ವಾರ ಉಳಿದಿತ್ತು. ಅವತ್ತು ಸಾಲಿಯ ಸಭಾಂಗಣದಲ್ಲಿ ನಾನು ಹಾಡಬೇಕು ಅಂತ ನಿಶ್ಚಯವಾಗಿತ್ತು. ನಾನೂ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. "ನೌಕರಿಗೆ ಸೇರಿದ ದಿನ ಯಾವ ಪಟ್ಟಿಯೊಳಗ ಹಾಡಿದ್ನೋ ಅದೇ ಪಟ್ಟಿಯೊಳಗ ಹಾಡತೀನಿ. ಬಿಳಿ ನಾಲ್ಕು. ಒಂದು ಕೂದಲೆಳೆ ಕೆಳಗಿಲ್ಲ" ಅಂತ ಸ್ಟಾಫ್‌ರೂಮಿನಲ್ಲಿ ಮೇಜು ಕುಟ್ಟಿ ಹೇಳಿದ್ದೆ. ಬಾಯಿ ಇದ್ದವ ಬರಗಾಲದಾಗೂ ಬದುಕತಾನ ಅಂತಾರಲ್ಲ, ನನ್ನ ಬಾಯಿ ಅಂಥದ್ದಲ್ಲ. ಅದು ಇದ್ದ ಬದುಕನ್ನೂ ಕಷ್ಟಕ್ಕೆ ಹಚ್ಚುವ ಬಾಯಿ.

ಪಟ್ಟಿಯ ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಭಜನೆಯವರು ಶ್ರುತಿಯನ್ನು ಹೆಸರಿಟ್ಟು ಕರೆಯುವುದಿಲ್ಲ, ಹಾರ್ಮೋನಿಯಂ ಪಟ್ಟಿಯ ಬಣ್ಣ ಹೇಳುತ್ತಾರೆ. ಮೊದಲನೆ ಬಿಳಿ ಪಟ್ಟಿ ಬಿಳಿ ಒಂದು, ಅದರ ಬಾಜೂಕಿನ ಕರಿ ಪಟ್ಟಿ ಕರಿ ಒಂದು, ಹೀಗೆ ಬಲಕ್ಕೆ ಹೋದಂತೆ ದನಿ ಏರುತ್ತದೆ. ಕರಿ ಒಂದರವನು ಸಾಧಾರಣ ಹಾಡುಗಾರ. ಬಿಳಿ ನಾಲ್ಕರವನು ಎದೆ ಮುಂದೆ ಮಾಡಿ ನಡೆಯುವ ಹಾಡುಗಾರ. ನಾನು ಹುಟ್ಟಿ ಬೆಳೆದ ಅಳವಂಡಿಯಲ್ಲಿ ನಮ್ಮ ಓಣಿಯ ಭಜನಾ ಸಂಘಕ್ಕೆ ಹೊಸಬರು ಬಂದರೆ ಊರು ಯಾವುದು, ಯಾರ ಪೈಕಿ ಅಂತ ಕೇಳುವ ಮೊದಲು "ತಮ್ಮಾ, ನಿಂದು ಯಾವ ಪಟ್ಟಿ?" ಅಂತ ಕೇಳುತ್ತಿದ್ದರು.

ನನಗೆ ಪಟ್ಟಿ ಗೊತ್ತುಮಾಡಿದವರು ಆ ಸಂಘದ ಬಸಪ್ಪಜ್ಜ. ಅವರ ಹಾರ್ಮೋನಿಯಂನ ತಿದಿಗೆ ಹಳೆ ಧೋತರದ ತುಂಡು ಅಂಟಿಸಿದ್ದರು. ನಡುವಿನ ಒಂದು ಪಟ್ಟಿ ಒತ್ತಿದರೆ ತಾನಾಗಿ ಮೇಲೆ ಬರುತ್ತಿರಲಿಲ್ಲ, ಉಗುರಿನಿಂದ ಎತ್ತಬೇಕು. ಅಜ್ಜ ಎಲೆ ಅಡಕೆ ಒಂದು ದವಡೆಗೆ ಸರಿಸಿ, ಸೋಮವಾರ ಸಂಜೆ ಗುಡಿಯಲ್ಲಿ ನಮ್ಮನ್ನು ಸಾಲು ನಿಲ್ಲಿಸಿ, ಒಂದೊಂದೇ ಪಟ್ಟಿ ಒತ್ತಿ "ಆ ಅನ್ನು" ಅನ್ನುತ್ತಿದ್ದರು. ನಾನು ಬಿಳಿ ನಾಲ್ಕಕ್ಕೂ ಸಲೀಸಾಗಿ "ಆ" ಅಂದೆ. ಅಜ್ಜ ಎಲೆ ಅಡಕೆ ಉಗುಳಿಬಂದು ಮತ್ತೊಮ್ಮೆ ಕೇಳಿದರು. ಆಮೇಲೆ ಗುಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, "ಈ ಹುಡುಗಂದು ಬಿಳಿ ನಾಲ್ಕು!" ಅಂದರು. ಅವತ್ತು ಮನೆಗೆ ಹೋಗಿ ನಾನು ಅವ್ವನಿಗೆ ಹೇಳಿದ ರೀತಿ ನೋಡಿದರೆ ಮಾಮಲೇದಾರನಾಗಿ ಬಂದವನಂತಿತ್ತು. ಅವ್ವ, "ಛಲೋ ಆತು, ಕೊಡ ತಗೊಂಡು ನೀರಿಗೆ ಹೋಗು" ಅಂದಳು.

ಆದರೆ ಹುಚ್ಚು ಅಲ್ಲಿಗೆ ಇಳಿಯಲಿಲ್ಲ ನೋಡ್ರಿ. ಯಲಬುರ್ಗಾಕ್ಕೆ ಹೆಣ್ಣು ನೋಡಲು ಹೋದಾಗ ಆಗಲಿದ್ದ ಮಾವನವರು, "ನೀವು ಎಲ್ಲಿ ಇರತೀರಿ?" ಅಂತ ಕೇಳಿದರು. ನಾನು, "ಬಿಳಿ ನಾಲ್ಕರೊಳಗ" ಅಂದೆ. ಅವರು ಅದನ್ನು ಯಾವುದೋ ಊರಿನ ಓಣಿ ಅಂದುಕೊಂಡು, ನೀರಿನ ಅನುಕೂಲ ಹೇಗಿದೆ ಅಂತ ವಿಚಾರಿಸಿದರು. ನಮ್ಮಾಕಿ ಇವತ್ತಿಗೂ ನನಗೆ ಸಿಟ್ಟು ತರಿಸಬೇಕಾದರೆ ಈ ಕತೆಯನ್ನು ಬಂದವರ ಮುಂದೆ ಹೇಳುತ್ತಾಳೆ.

ವರ್ಷಗಳ ಹಿಂದೆ ಮಾಬುಸಾಬ ಈ ಕೀಬೋರ್ಡು ಕೊಂಡು ತಂದಾಗ ಅದರಲ್ಲಿ ಇಡೀ ಬ್ಯಾಂಡ್ ಕಂಪನಿ ಇದೆ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಎಡಗೈಲಿ ಮೂರು ಪಟ್ಟಿ ಹಿಡಿದರೆ ಸಾಕು, ಢೋಲಕ್ಕು, ಗಿಟಾರು, ಪಿಟೀಲಿನ ಗುಂಪು ಎಲ್ಲ ತಾವಾಗಿ ಶುರುವಾಗುತ್ತವೆ. ಯಾವ ತಾಳ ಬೇಕೋ ಆ ಗುಂಡಿ ಒತ್ತಬೇಕು ಅಷ್ಟೆ. ಆ ಅಷ್ಟೆಯಲ್ಲೇ ಎಲ್ಲ ಇರುವುದು. ಯಲಬುರ್ಗಾದಲ್ಲಿ ನಮ್ಮಾಕಿಯ ಬಸುರಿ ತಂಗಿಯ ಕುಬಸಕ್ಕೆ ಮೊದಲ ಸಲ ಅದನ್ನು ಒಯ್ದೆವು. ನಾನು ಕಣ್ಣು ಮುಚ್ಚಿ ವೈರಾಗ್ಯದ ಪದ ಎತ್ತಿಕೊಂಡೆ. ಮಾಬು ಒಂದು ಗುಂಡಿ ಬದಲು ಇನ್ನೊಂದು ಒತ್ತಿದ. ದೇಹ ಮಣ್ಣುಪಾಲಾಗುವ ಮಾತು ನನ್ನ ಬಾಯಲ್ಲಿ, ಕುಣಿತದ ತಾಳ ಹಿಂದೆ. ನಿಲ್ಲಿಸುವ ಗುಂಡಿ ಯಾವುದೆಂದು ಅವನಿಗೆ ತಿಳಿಯಲಿಲ್ಲ, ನಿಲ್ಲಿಸಬೇಕೆಂದು ನನಗೆ ತಿಳಿಯಲಿಲ್ಲ. ಉಡಿ ತುಂಬಲು ಬಂದ ಮುತ್ತೈದೆಯರು ಸೆರಗು ಸಿಗಿಸಿ ಕುಣಿದರು. "ಭಾಳ ದಿನದ ಮ್ಯಾಲ ಇಂಥಾ ಛಲೋ ಭಜನಿ ಕೇಳಿದ್ವಿ" ಅಂತ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಹೇಳಿದಳು.

ಮೈಕಿನ ವಿಷಯಕ್ಕೆ ಮಾತ್ರ ಮಾಬು ಭಾಳ ಕಟ್ಟುನಿಟ್ಟು. ಮೈಕಿನ ವೈರು ನೇರ ಕೀಬೋರ್ಡಿನ ಬೆನ್ನಿಗೇ ಸಿಕ್ಕಿಸುತ್ತಾನೆ, ನನ್ನ ದನಿಯೂ ಅದರ ಹೊಟ್ಟೆ ಹೊಕ್ಕು ಬರುತ್ತದೆ. "ಮಾಸ್ತರ, ಮೊದಲ ಮೆಲ್ಲಕ ಮಾತಾಡಿ ತೋರಿಸಬ್ಯಾಡ್ರಿ. ಎಲ್ಲಿ ಜೋರ ಕೂಗತೀರಿ ಆ ಸಾಲು ಹಾಡ್ರಿ. ಅಲ್ಲಿಗೆ ನೋಡಿ ದನಿ ಇಡತೀನಿ" ಅನ್ನುತ್ತಾನೆ. ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ. ಮೈಕಿನ ತಲೆಯ ಜಾಳಿಗೆಯನ್ನು ಮುಷ್ಟಿಯಲ್ಲಿ ಹಿಡಿದರೆ ಅವನ ಜೀವ ಹೋಗುತ್ತದೆ, ಯಾಕಂದರೆ ಮೈಕು ಕೀಂ ಅಂತ ಕಿರುಚಿಕೊಳ್ಳುತ್ತದೆ. ಎಕೋವನ್ನು ಉಪ್ಪು ಹಾಕಿದಂತೆ ಕೊನೆಗೆ, ಚಿಟಿಕೆಯಷ್ಟು. ಮಾತಾಡುವಾಗ ಎಕೋ ಬಂದ್ ಮಾಡುವ ಬೇರೆ ಗುಂಡಿಯೇ ಇದೆ. ಅದನ್ನು ಅವನು ಕಲಿತದ್ದು ಗಂಗಾವತಿಯ ಮದುವೆಯೊಂದರ ಪೆಟ್ಟಿನಿಂದ. ಅಲ್ಲಿ ನಾನು ಹಾಡು ಮುಗಿಸಿದವನೇ "ಎಲ್ಲಾರೂ ಊಟಕ್ಕ ಏಳ್ರಿ" ಅಂದೆ. ಮೈಕು "ಏಳ್ರಿ, ಏಳ್ರಿ, ಏಳ್ರಿ" ಅಂತ ಅವಸರ ಮಾಡಿತು. ಏನು ಅನಾಹುತವಾಯಿತೋ ಅಂತ ಜನ ಎದ್ದು ಬಾಗಿಲ ಕಡೆ ಹರಿದರು. ಬೀಗರು ಚಪ್ಪಲಿ ಬಿಟ್ಟು ಓಡಿದ್ದರು.

ಅದೇ ಗಂಗಾವತಿಯಲ್ಲಿ ಇನ್ನೊಂದು ಸಲ ಅವನು ಹೊಸದೊಂದು ಗುಂಡಿ ಕಂಡುಹಿಡಿದ. ಒಬ್ಬರು ಹಾಡಿದರೆ ಆ ಗುಂಡಿ ಅದೇ ದನಿಯಿಂದ ಮತ್ತಿಬ್ಬರನ್ನು ಹುಟ್ಟಿಸಿ ಹಿಂದೆ ಹಾಡಿಸುತ್ತದೆ. ಹೆಂಗಸರ ದನಿಯೂ ಬರುತ್ತದೆ. ಹೊರಗೆ ಹೆಂಗಸರ ಪಂಕ್ತಿಯಲ್ಲಿ ಊಟ ಬಡಿಸುತ್ತಿದ್ದ ನಮ್ಮಾಕಿ ಸೌಟು ಹಿಡಿದುಕೊಂಡೇ ಒಳಗೆ ಬಂದಳು. ವೇದಿಕೆಯ ಹಿಂದೆ ಹೋಗಿ ಪರದೆ ಸರಿಸಿ ನೋಡಿದಳು. ಯಾರೂ ಇರಲಿಲ್ಲ. ಮನೆಗೆ ಬಂದಮೇಲೆ, "ಯಾರ ಆಕಿ?" ಅಂತ ಒಂದೇ ಮಾತು ಕೇಳಿದಳು. ನಾನು ಗುಂಡಿ ಅಂದೆ. ನಂಬಿಸುವ ಸಲುವಾಗಿ ಮಾಬುಸಾಬನನ್ನು ಕೀಬೋರ್ಡು ಸಮೇತ ಕರೆಸಬೇಕಾಯಿತು.

ಇಷ್ಟೆಲ್ಲ ವರ್ಷಗಳಲ್ಲಿ ಬದಲಾಗದೆ ಉಳಿದದ್ದು ಒಂದೇ. ಹಾಡಿನ ಮೊದಲು ನಾನು ಕತ್ತು ಚಾಚಿ ಮಾಬುವಿನ ಬಲಗೈ ನೋಡುತ್ತಿದ್ದೆ. ಬೆರಳು ಬಿಳಿ ನಾಲ್ಕರ ಮೇಲೆ ಕೂತದ್ದನ್ನು ಕಂಡಮೇಲೆಯೇ ಬಾಯಿ ತೆರೆಯುವುದು. ಬೇರೆ ಹಾಡುಗಾರರು ಬಂದಿದ್ದರೆ ಅವರಿಗೂ ತೋರಿಸುತ್ತಿದ್ದೆ. "ನೋಡ್ರಿ, ಬೆರಳು ಎಲ್ಲೈತಿ ನೋಡ್ರಿ. ನನ್ನ ವಯಸ್ಸಿಗೆ!" ಅವರೂ ಬೆರಳನ್ನೇ ನೋಡಿ ಹೌದೌದು ಅನ್ನುತ್ತಿದ್ದರು. ಕಿವಿ ಇಟ್ಟುಕೊಂಡು ಕಣ್ಣಿನಿಂದ ಶ್ರುತಿ ಕೇಳುವ ಜನ ನಾವು.

ಕೀಬೋರ್ಡು ಮಂಚದ ಮೇಲೆ ಮಲಗಿದ ನಾಲ್ಕನೆ ದಿನ ನಮ್ಮಾಕಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ನಾನು ಕೌದಿ ಸರಿಸಿ ವೈರು ಹಚ್ಚಿದೆ. ಬೀಳ್ಕೊಡುಗೆಯ ತಾಲೀಮು ಮಾಡಿದರೆ ತಪ್ಪೇನು? ಕೀಬೋರ್ಡು ಚಾಲೂ ಆಯಿತು. ಬೇರೆ ಏನೂ ಮುಟ್ಟದೆ ಬಿಳಿ ನಾಲ್ಕು ಒತ್ತಿ ಹಿಡಿದೆ. ಹಾಡು ಶುರು ಮಾಡಿದೆ. ಮೊದಲ ಸಾಲು ಹೇಗೋ ಹೋಯಿತು. ಎರಡನೆ ಸಾಲಿನ ಮೇಲಿನ ಜಾಗಕ್ಕೆ ಹೋಗುವಷ್ಟರಲ್ಲಿ ದನಿ ಸೀಳಿ ಎರಡಾಯಿತು. "ಏನ್ರೀ, ಬೆಕ್ಕು ತುಳಿದ್ರೇನು?" ಅಂತ ಒಳಗಿನಿಂದ ಕೇಳಿದಳು.

ಗಂಟಲು ಕಟ್ಟಿದೆ ಅಂದುಕೊಂಡೆ. ನೀರು ಕುಡಿದೆ, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡೆ. ಮತ್ತೆ ಅದೇ ಹಾಡು, ಮತ್ತೆ ಅದೇ ಬೆಕ್ಕು. ಆಗ ಮಾಬು ಪ್ರತಿ ಕಾರ್ಯಕ್ರಮದಲ್ಲಿ ಒತ್ತುತ್ತಿದ್ದ ನೆನಪಿನ ಗುಂಡಿಗಳು ಕಂಡವು. ತಾಳ, ವೇಗ, ಮೈಕಿನ ಎಕೋ ಎಲ್ಲವನ್ನೂ ಒಮ್ಮೆ ಹೊಂದಿಸಿ ಒಂದು ಗುಂಡಿಯಲ್ಲಿ ಕಾದಿಟ್ಟರೆ, ಮುಂದೆ ಅದೊಂದನ್ನು ಒತ್ತಿದರೆ ಎಲ್ಲ ಹಾಗೇ ಬರುತ್ತದೆ. ಪುಟ್ಟ ಪರದೆಯ ಮೇಲೆ ಅವನು ಅವುಗಳಿಗೆ ಹೆಸರು ಬರೆದಿದ್ದ. ಮಾಸ್ತರ ಒಂದು, ಮಾಸ್ತರ ಎರಡು, ಮಾಸ್ತರ ಮೂರು, ಮಾಸ್ತರ ನಾಲ್ಕು. ನನಗೆ ಹೆಮ್ಮೆಯಾಯಿತು. ಕೊನೆಯದನ್ನು ಒತ್ತಿ, ಅದೇ ಬಿಳಿ ನಾಲ್ಕು ಹಿಡಿದು ಹಾಡಿದೆ. ದನಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಮೇಲಿನ ಜಾಗ ದಾಟಿತು. ಅದೇ ಪಟ್ಟಿ, ಅದೇ ಗಂಟಲು. ಇದೇನಿದು ಅಂತ ಕನ್ನಡಕ ಹಾಕಿಕೊಂಡು ಪರದೆ ನೋಡಿದೆ. ಮೂಲೆಯಲ್ಲಿ ಟ್ರಾನ್ಸ್‌ಪೋಸ್ ಅಂತ ಇತ್ತು. ಅದರ ಮುಂದೆ ಮೈನಸ್ ನಾಲ್ಕು.

ಮೂವತ್ತು ವರ್ಷ ಮಕ್ಕಳಿಗೆ ಮೈನಸ್ ಕಲಿಸಿದವನಿಗೆ ಅದು ಏನೆಂದು ತಿಳಿಯಲು ಪುಸ್ತಕ ಬೇಕಿರಲಿಲ್ಲ. ಬೆರಳು ಇರುವುದು ಬಿಳಿ ನಾಲ್ಕರ ಮೇಲೆ. ದನಿ ಬರುವುದು ಅದಕ್ಕಿಂತ ನಾಲ್ಕು ಮೆಟ್ಟಿಲು ಕೆಳಗಿನಿಂದ. ಬಿಳಿ ಮೂರು, ಕರಿ ಎರಡು, ಬಿಳಿ ಎರಡು, ಕರಿ ಒಂದು. ಮಾಸ್ತರ ಒಂದರಲ್ಲಿ ಮೈನಸ್ ಒಂದು ಇತ್ತು, ಎರಡರಲ್ಲಿ ಎರಡು, ಮೂರರಲ್ಲಿ ಮೂರು. ನನ್ನ ಗಂಟಲು ವರ್ಷದಿಂದ ವರ್ಷಕ್ಕೆ ಇಳಿದು ಬಂದದ್ದನ್ನು ಮಾಬುಸಾಬ ಹೆಸರು ಹಾಕಿ ಕಾದಿಟ್ಟಿದ್ದ. ನಾನು ಸಾಧಾರಣ ಹಾಡುಗಾರನಾಗಿ ಎಷ್ಟೋ ದಿನವಾಗಿತ್ತು. ನನಗೆ ಮಾತ್ರ ಸುದ್ದಿ ಬಂದಿರಲಿಲ್ಲ.

ಕೆಟ್ಟ ಸಿಟ್ಟು ಬಂತು. ನಾಚಿಕೆ ಅದಕ್ಕಿಂತ ಹೆಚ್ಚು ಬಂತು. ಕತ್ತು ಚಾಚಿ ಬೆರಳು ತೋರಿಸಿದಾಗಲೆಲ್ಲ ಈ ಮಾಬು ಒಳಗೊಳಗೆ ನಕ್ಕಿರಬೇಕಲ್ಲ ಅನ್ನಿಸಿ ಮೈ ಉರಿಯಿತು. ನಮ್ಮಾಕಿಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತು ಕೇಳಿದಳು.

"ಹಾಡು ಛಲೋ ಬಂತಿಲ್ಲೋ?"

"ಬಂತು."

"ಮಂದಿ ಕೇಳಿದ್ರಿಲ್ಲೋ?"

"ಕೇಳಿದ್ರು. ಆದ್ರ ಬಿಳಿ ನಾಲ್ಕು ಅಲ್ಲಲೇ ಅದು!"

"ಮೂಗಿಗಿಂತ ಮೂಗುತಿ ಭಾರ ಆತು ನಿಮ್ಮದು" ಅಂದು ಒಳಗೆ ಹೋದಳು.

ಉಳಿದ ದಿನವೆಲ್ಲ ಒಂದೇ ಯೋಚನೆ. ಏನೂ ಗೊತ್ತಿಲ್ಲದವನಂತೆ ಹಾಡಿದರೆ ಕಡೆಯ ದಿನ ಮಕ್ಕಳ ಮುಂದೆ ಸುಳ್ಳು ಹಾಡಿದಂತೆ. ಖರೆ ಬಿಳಿ ನಾಲ್ಕು ಹಿಡಿಸಿದರೆ ಅದೇ ಮಕ್ಕಳ ಮುಂದೆ ಬೆಕ್ಕು. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ಎಲ್ಲರೆದುರು ಮಾಬುವಿಗೆ ಟ್ರಾನ್ಸ್‌ಪೋಸ್ ತೆಗೆಸುವುದು. ಕರಿ ಒಂದರಿಂದಲೇ ಬಾರಿಸು ಅನ್ನುವುದು. ಹಾಡಿ ಮುಗಿಸಿ, "ಮಕ್ಕಳೇ, ನನ್ನ ಪಟ್ಟಿ ಈಗ ಇದು" ಅಂತ ಒಪ್ಪಿಕೊಳ್ಳುವುದು. ಪ್ರಾಮಾಣಿಕ ಮಾಸ್ತರ ಅನ್ನಿಸಿಕೊಂಡೇ ಹೊರಬೀಳುವುದು. ಮಾಬುವಿನ ಮುಖವೂ ಸಣ್ಣದಾಗುತ್ತದೆ, ಆಗಲಿ. ಮನೆಯ ಫರಸಿ ಮುಗಿದು ಅವನು ಕೀಬೋರ್ಡು ಒಯ್ಯಲು ಬಂದಾಗ ಈ ಯಾವುದನ್ನೂ ಬಾಯಿ ಬಿಡಲಿಲ್ಲ. "ಒತ್ತಿಲ್ಲಲ್ರಿ?" ಅಂದ. "ನಿನ್ನಾಣಿ ಇಲ್ಲ" ಅಂದೆ.

ಬೀಳ್ಕೊಡುಗೆ ಶನಿವಾರ ಮುಂಜಾನೆ. ಹಾರ, ಶಾಲು, ಫಲತಾಂಬೂಲ ಎಲ್ಲ ಆಯಿತು. ನನ್ನ ಹೊಗಳಿದವರ ಮಾತು ಕೇಳಿ ಇವರು ಯಾರ ಬಗ್ಗೆ ಹೇಳುತ್ತಿದ್ದಾರೆ ಅಂತ ಒಮ್ಮೆ ಹಿಂದೆ ತಿರುಗಿ ನೋಡಿದೆ. ಮಾಬು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವೈಂಡಿಂಗ್ ಮಾಡಿ ಕರಿಯಾದ ಉಗುರುಗಳನ್ನು ನಿಂಬೆಹಣ್ಣಿನಿಂದ ತಿಕ್ಕಿ ಬಂದಿದ್ದ. ಮೈಕನ್ನು ನನ್ನ ಬಾಯಿಗೆ ನಾಲ್ಕು ಬೆರಳು ಅಳೆದು ನಿಲ್ಲಿಸಿದ. ಕೀಬೋರ್ಡಿನ ಹಿಂದೆ ಕೂತು ಗುಂಡಿ ಒತ್ತಿದ. ಬೆರಳು ಬಿಳಿ ನಾಲ್ಕರ ಮೇಲೆ ಇಟ್ಟು ನನ್ನ ಕಡೆ ನೋಡಿ ತಲೆಯಾಡಿಸಿದ.

"ಮಾಬು," ಅಂದೆ ಮೈಕಿನಲ್ಲೇ. "ಟ್ರಾನ್ಸ್‌ಪೋಸ್ ಸೊನ್ನಿಗೆ ತಾ. ಇವತ್ತು ಕರಿ ಒಂದರಿಂದ ಬಾರಸು."

ಅವನ ಮುಖದ ಬಣ್ಣ ಹೋಯಿತು. ಸಿಕ್ಕಿಬಿದ್ದ ಅಂದುಕೊಂಡೆ, ಸಮಾಧಾನವಾಯಿತು ಅಂತಲೂ ಹೇಳಬೇಕು. ಒಂದು ಕ್ಷಣ ನನ್ನನ್ನೇ ನೋಡಿ, ಗುಂಡಿ ಒತ್ತಿ ಸೊನ್ನಿಗೆ ತಂದ. ಬೆರಳನ್ನು ಕರಿ ಒಂದರ ಮೇಲಿಟ್ಟ. ಹಾಡಿನ ಮೊದಲ ನುಡಿ ಬಾರಿಸತೊಡಗಿದ. ಮೂರನೆ ಸ್ವರಕ್ಕೆ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದ, ಮತ್ತೆ ತಪ್ಪಿತು. ಬೆರಳುಗಳು ಕತ್ತಲೆಯಲ್ಲಿ ಗೋಡೆ ತಡವಿದಂತೆ ಪಟ್ಟಿ ಹುಡುಕುತ್ತಿದ್ದವು. ಮಕ್ಕಳು ಕಿಸಕ್ಕನೆ ನಕ್ಕರು. ಹಿಂದಿನ ಸಾಲಿನಲ್ಲಿ ಯಾರೋ, "ಏ ಸಾಬ್ರಿಗೆ ಇವತ್ತು ಏನಾಗೇತೋ!" ಅಂದರು. ಮಾಬುವಿನ ಹಣೆಯ ಮೇಲೆ ಬೆವರು ಒಡೆದಿತ್ತು.

ನಾನು ಅವನ ಹತ್ತಿರ ಬಾಗಿದೆ. ಅವನು ಒಂದು ಕೈಯಿಂದ ಮೈಕು ದೂರ ಸರಿಸಿ, ತುಟಿಯಲ್ಲೇ ಹೇಳಿದ.

"ನನಗ ಬಿಳಿ ನಾಲ್ಕು ಒಂದ ಬರತೈತ್ರಿ ಮಾಸ್ತರ. ನಿಮ್ಮ ಜೋಡಿ ಕಲತದ್ದು ಅದೊಂದ. ಬ್ಯಾರೆ ಪಟ್ಟಿ ಇವತ್ತಿಗೂ ಬರಂಗಿಲ್ರಿ. ಯಾರು ಹಾಡಿದ್ರೂ ಬೆರಳು ಅಲ್ಲೇ ಇಟ್ಟು, ಗುಂಡಿ ಒತ್ತಿ ದನಿ ಸರಿಸತೀನ್ರಿ. ನಿಮ್ಮ ದನಿ ಇಳದೈತಿ ಅಂತ ಹೇಳಿದ್ರ, ಬ್ಯಾರೆ ಪಟ್ಟಿ ಹಿಡಿಯೋ ಅಂತಿದ್ರಿ. ನನ್ನ ಬಣ್ಣ ಬಯಲಾಕ್ಕಿತ್ತು. ಅದಕ್ಕ ಹೇಳಲಿಲ್ರಿ. ಮಾಫ್ ಮಾಡ್ರಿ."

ಹತ್ತು ದಿನದಿಂದ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇವನು ನನ್ನನ್ನು ನೋಡಿ ನಕ್ಕಿರಲಿಲ್ಲ. ನನ್ನಂತೆಯೇ ಹೆದರಿ ಕೂತಿದ್ದ. ಊರೆಲ್ಲ ಕೀಬೋರ್ಡಿನ ಉಸ್ತಾದ ಅಂತ ಕರೆಯುವ ಮನುಷ್ಯನನ್ನು, ನನ್ನ ಪ್ರಾಮಾಣಿಕತೆ ತೋರಿಸುವ ಸಡಗರದಲ್ಲಿ, ಅವನ ಸ್ವಂತ ಮೊಮ್ಮಕ್ಕಳು ಓದುವ ಸಾಲಿಯಲ್ಲೇ ಬೆತ್ತಲೆ ನಿಲ್ಲಿಸಿದ್ದೆ. ನನಗೆ ನನ್ನ ಮೇಲೆ ಹೇಸಿಗೆ ಬಂತು.

ಮೈಕು ಹತ್ತಿರ ಎಳೆದುಕೊಂಡೆ. "ತಪ್ಪು ನಂದು," ಅಂದೆ. "ವಯಸ್ಸಾತು ನೋಡ್ರಿ, ಹಾರದ ಗಡಿಬಿಡಿಯೊಳಗ ಸಾಬ್ರಿಗೆ ಪಟ್ಟಿನೇ ತಪ್ಪು ಹೇಳಿದೆ. ಕರಿ ಒಂದರೊಳಗ ಈ ಹಾಡು ಯಾರು ಬಾರಿಸಿದ್ರೂ ಹಿಂಗ ಆಗೂದು. ನನ್ನ ಪಟ್ಟಿ ಬಿಳಿ ನಾಲ್ಕು. ಮಾಬು, ಹಿಡಿಯಪಾ."

ಸ್ಟಾಫಿನವರು ನಕ್ಕರು. ಮುದುಕನ ಜಂಬ ಕಡೆಯ ದಿನವೂ ಇಳಿಯಲಿಲ್ಲ ಅನ್ನುವ ನಗು ಅದು. ಮಾಬು ತಲೆ ಎತ್ತಲಿಲ್ಲ. ಎಡಗೈಯಿಂದ ಮೆಲ್ಲಗೆ ಮಾಸ್ತರ ನಾಲ್ಕು ಒತ್ತಿದ್ದನ್ನು ನಾನೊಬ್ಬನೇ ನೋಡಿದೆ. ಹಾಡಿದೆ. ಮೇಲಿನ ಜಾಗ ಸಲೀಸಾಗಿ ದಾಟಿತು. ಚಪ್ಪಾಳೆ ಬಿತ್ತು. ಹೆಡ್‌ಮಾಸ್ತರರು ವಂದನಾರ್ಪಣೆಯಲ್ಲಿ, ಈ ವಯಸ್ಸಿನಲ್ಲೂ ಬಿಳಿ ನಾಲ್ಕು ಬಿಟ್ಟು ಇಳಿಯದವರು ನಮ್ಮ ಮಾಸ್ತರು ಅಂದರು. ನಾನು ಕೈ ಮುಗಿದೆ.

ಸಭಾಂಗಣ ಖಾಲಿಯಾದಮೇಲೆ ಮಾಬು ವೈರು ಸುತ್ತುತ್ತ ಕೂತಿದ್ದ. ನೆಲ ನೋಡುತ್ತಲೇ ಕೇಳಿದ.

"ಮಾಸ್ತರ, ಕರಿ ಒಂದು ಕಲಿಯಾಕ ಎಷ್ಟ ದಿನ ಬೇಕ್ರಿ?"

"ನನಗೂ ಬರೂದಿಲ್ಲಪಾ," ಅಂದೆ. "ಸೋಮವಾರ ಹತ್ತಕ್ಕ ಮನಿಗೆ ಬಾ. ನನಗ ಸಾಲಿ ಇಲ್ಲ."